ಕೇರಿ ಮಕ್ಕಳ ಬಾಯಿ, ಅಂತರರಾಷ್ಟ್ರೀಯ ಸಮ್ಮೇಳನ

ಬರಹ ಸ್ವಲ್ಪ ಉದ್ದ ಐತಿ, ಪುರುಸೊತ್ತು ಮಾಡ್ಕೊಂಡು ಓದ್ರಿ.

"ಭಾಷಾ ಕಲಿಕೆ ಮತ್ತು ಬೋಧನೆ" ಎಂಬ ಹೆಸರಿನ ಅಂತರರಾಷ್ಟ್ರೀಯ ಸಮ್ಮೇಳನಗಳ ಕರಪತ್ರಗಳು ಈಗ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಿಗೂ ಬರಾಕತ್ತಾವು. ಕರಪತ್ರ ಇಂಗ್ಲಿಷ್‌ನಲ್ಲಿ, ಪ್ರಬಂಧ ಇಂಗ್ಲಿಷ್‌ನಲ್ಲಿ, ನೋಂದಣಿ ಶುಲ್ಕ ಸಾವಿರಗಳ ಲೆಕ್ಕದಲ್ಲಿ. ವಿಷಯಗಳ ಪಟ್ಟಿಯಲ್ಲಿ ಮಾತ್ರ "ಅಂಚಿನ ಸಮುದಾಯದ ಮಕ್ಕಳ ಭಾಷೆ" ಅಂತ ಒಂದು ಸಾಲು ಇರ್ತದ. ಆ ಅಂಚು ಅಂದ್ರ ನಾವೇ. ಕೊಡೇಕಲ್ಲಿನ ನಮ್ಮ ಕೇರಿ, ಆಚೆ ತಾಂಡಾ, ನಾರಾಯಣಪುರ ಡ್ಯಾಮಿನ ಕಡೆ ಇರೋ ಹಳ್ಳಿಗಳು.

ಇಂಥ ಸಮ್ಮೇಳನ ಬ್ಯಾಡ ಅಂತ ನಾನು ಹೇಳಾಕತ್ತಿಲ್ಲ. ಅಲ್ಲಿ ಹೇಳೋ ಮಾತು ಸುಳ್ಳೂ ಅಲ್ಲ. 1951ರ ಕೊನೆಗೆ ಯುನೆಸ್ಕೊ ಪ್ಯಾರಿಸ್‌ನಲ್ಲಿ ತಜ್ಞರನ್ನ ಕೂಡಿಸಿ ಇದೇ ವಿಷಯ ಚರ್ಚೆ ಮಾಡಿಸಿತು. ಮಗುವಿಗೆ ಕಲಿಸಾಕ ತಾಯ್ನುಡಿಗಿಂತ ಒಳ್ಳೆಯ ಮಾಧ್ಯಮ ಇಲ್ಲ ಅಂತ ಅದರ ವರದಿ 1953ರಲ್ಲಿ ಹೇಳಿತು. 1969ರಲ್ಲಿ ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನ ಶುರುವಾಯ್ತು. ಅದರ ಮೊದಲ ನಿರ್ದೇಶಕ ಡಿ.ಪಿ. ಪಟ್ಟನಾಯಕ್, ಈ ದೇಶದಾಗ ನಾಲ್ಕಾರು ಭಾಷೆ ಕೂಡಿ ಬಾಳೋದೇ ಸಹಜ ಅಂತ ಬರೀತಾ ಬಂದ್ರು. 2015ರ ನವೆಂಬರ್‌ನಲ್ಲಿ ಬ್ರಿಟಿಷ್ ಕೌನ್ಸಿಲ್ ದೆಹಲಿಯಲ್ಲಿ ನಡೆಸಿದ "ಭಾಷೆ ಮತ್ತು ಅಭಿವೃದ್ಧಿ" ಸಮ್ಮೇಳನದ ವಿಷಯವೂ ಬಹುಭಾಷಿಕತೆಯೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ, ಸಾಧ್ಯವಾದ ಕಡೆ ಕನಿಷ್ಠ 5ನೇ ತರಗತಿ ತನಕ ಮನೆಮಾತಿನಲ್ಲಿ ಕಲಿಸ್ರಿ ಅಂತು.

ಎಪ್ಪತ್ತು ವರ್ಷದಿಂದ ಎಲ್ಲಾರೂ ಒಂದೇ ಮಾತು ಹೇಳಾಕತ್ತಾರ. ಹಂಗಾದ್ರ ಯಾದಗಿರಿ ಯಾಕ ಹಿಂಗೈತಿ? 2011ರ ಜನಗಣತಿಯಲ್ಲಿ ರಾಜ್ಯದಲ್ಲೇ ಅತಿ ಕಡಿಮೆ ಸಾಕ್ಷರತೆ ನಮ್ಮ ಜಿಲ್ಲೆಯದು, ಶೇ. 51.83. ಎಸ್ಸೆಸ್ಸೆಲ್ಸಿಯಲ್ಲಿ 2023ರಲ್ಲಿ ಕೊನೆ ಸ್ಥಾನ ಯಾದಗಿರಿಗೆ. ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂದ 2024ರಲ್ಲೂ ಕೊನೆ ಸ್ಥಾನ, ಫಲಿತಾಂಶ ಶೇ. 50.59. ಇಲ್ಲಿ ಬಹುತೇಕ ಮಕ್ಕಳು ಓದೋದು ಕನ್ನಡ ಮಾಧ್ಯಮದಲ್ಲೇ. ತಾಯ್ನುಡಿಯೊಂದೇ ಮದ್ದಾಗಿದ್ರ ಈ ರೋಗ ಇಷ್ಟೊತ್ತಿಗೆ ವಾಸಿ ಆಗಬೇಕಿತ್ತಲ್ಲ?

ಈ ಪ್ರಶ್ನೆ ಹಿಡಕೊಂಡೇ "ಹಂಗಾದ್ರ ಕನ್ನಡ ಶಾಲೆ ಮುಚ್ಚಿ ಇಂಗ್ಲಿಷ್ ಮಾಡ್ರಿ" ಅನ್ನೋ ಜನ ಅದಾರ. ಸ್ವಲ್ಪ ತಡೀರಿ. ನಮ್ಮ ಮಗು ಸಾಲಿಗೆ ಹೋದಾಗ ಅದರ ಕಿವಿಗೆ ಬೀಳೋದು ಯಾರ ತಾಯಿಯ ನುಡಿ ಅನ್ನೋದನ್ನ ಮೊದಲು ನೋಡೋಣ.

ನಮ್ಮ ಮನ್ಯಾಗ "ಎಲ್ಲಿಗಿ ಹೊಂಟಿ?" ಅಂತೀವಿ. ಪುಸ್ತಕದಾಗ "ನೀನು ಎಲ್ಲಿಗೆ ಹೋಗುತ್ತಿದ್ದೀಯೆ?" ಅಂತ ಇರ್ತದ. ನಾವು "ಉಂಡಿ?" ಅಂತ ಕೇಳಿದ್ರ ಪುಸ್ತಕ "ಊಟ ಮಾಡಿದೆಯಾ?" ಅಂತದ. ನಮಗ ಸಾಲಿ, ಅದಕ್ಕ ಶಾಲೆ. ನಮಗ ಬಾಸಿ, ಅದಕ್ಕ ಭಾಷೆ. ಊರಾಗಿನ ಗೌಡರ ಮಗನೂ "ಹೊಂಟೀನಿ" ಅಂತಾನ, ಒಪ್ತೀನಿ. ಆದ್ರ ಅವನು ಅಂದ್ರ ಅದು ಹಳ್ಳಿ ಭಾಷೆ, ಜವಾರಿ ಸೊಗಡು. ಅದೇ ಮಾತು ನಮ್ಮ ಹುಡುಗಿ ಬಾಯಾಗ ಬಂದ್ರ ಕೇರಿ ಮಾತು. ಒಂದನೇ ಈಯತ್ತೆಯಲ್ಲೇ ಅವಳ ಬಾಯಿ ತಿದ್ದೋದು ಶುರು. ತಿದ್ದೋರು ಕೆಟ್ಟೋರಂತಲ್ಲ, ತಮಗ ಹಂಗೇ ಕಲಿಸ್ಯಾರ, ಅದನ್ನೇ ಮುಂದ ದಾಟಿಸ್ತಾರ. ತಿಂಗಳೆರಡು ತಿಂಗಳಲ್ಲಿ ಆ ಹುಡುಗಿ ಒಂದು ಪಾಠ ಮಾತ್ರ ಚೊಲೋ ಕಲೀತಾಳ: ಇಲ್ಲಿ ಬಾಯಿ ಬಿಡಬಾರದು. ಮುಂದ ಹತ್ತು ವರ್ಷ ಅವಳು ಮಾತಾಡೋದು ಊಟದ ಬೆಲ್ ಹೊಡೆದ ಮ್ಯಾಲೇ.

ಮಹಾಪ್ರಾಣದ ಕಥಿ ಕೇಳ್ರಿ. ಭಾಷಾ ವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಬಹಳ ಹಿಂದೆಯೇ ಹೇಳಿದ್ರು, ಕನ್ನಡಿಗರ ಮಾತಿನಲ್ಲಿ ಇಲ್ಲದ ಅಕ್ಷರಗಳನ್ನ ಬರಹದಲ್ಲಿ ಇಟ್ಟುಕೊಂಡು ಅದನ್ನೇ ಶುದ್ಧತೆಯ ಅಳತೆಗೋಲು ಮಾಡೀವಿ ಅಂತ. ಅವರ ಮ್ಯಾಲೆ ಪಂಡಿತರು ಮುಗಿಬಿದ್ದರು. ಅಕ್ಷರ ತೆಗೀಬೇಕೋ ಇಡಬೇಕೋ ಅನ್ನೋ ಜಗಳಕ್ಕ ನಾನು ಹೋಗೋದಿಲ್ಲ. ಆದ್ರ "ಬಾರತ" ಅಂತ ಬರೆದ ಮಗುವಿಗೆ ದೇಶ ಗೊತ್ತಿಲ್ಲ ಅಂತ ತೀರ್ಪು ಕೊಡೋ ಮೇಷ್ಟ್ರಿಗೆ ಭಟ್ಟರ ಮಾತು ಯಾರಾದ್ರೂ ಮುಟ್ಟಿಸಬೇಕು.

ನಮ್ಮಲ್ಲಿ ಶಬ್ದ ಇಲ್ಲದೇ ಇಲ್ಲ. ಮಾದಿಗರ ಮನಿಯ ಮಗುವಿಗೆ ಮಿಣಿ, ಬಾರಕೋಲು, ಜತಗಿ, ಹಲಗಿ ಗೊತ್ತು. ಯಾವ ಹಲಗಿ ಸಾವಿಗೆ, ಯಾವುದು ಜಾತ್ರಿಗೆ ಅಂತ ಬಡಿತ ಕೇಳೇ ಹೇಳ್ತದ. ಹತ್ತಿ ಬಿಡಿಸೋದು, ಶೇಂಗಾ ಕೀಳೋದು, ಇವಕ್ಕೆಲ್ಲ ಅದರ ಬಾಯಾಗ ನುಡಿ ಐತಿ. ಪಠ್ಯಪುಸ್ತಕದಲ್ಲಿ ಇವು ಬರೋದು ಎಲ್ಲೋ ಒಂದು ಕಡೆ, ಚಿತ್ರದ ಕೆಳಗ.

ತಾಂಡಾದ ಮಗುವಿನ ಗತಿ ಇನ್ನೂ ಬ್ಯಾರೆ. ಮನ್ಯಾಗ ಗೋರ್ ಬೋಲಿ, ಹೊಲದಾಗ ನಮ್ಮ ಕನ್ನಡ, ಸಾಲ್ಯಾಗ ಪುಸ್ತಕದ ಕನ್ನಡ, ಅದರ ಮ್ಯಾಲೆ ಇಂಗ್ಲಿಷ್. ಸರಕಾರದ ಕಾಗದದಾಗ ಅದಕ್ಕ "ಕನ್ನಡ ಮಾಧ್ಯಮ" ಅಂತ ಒಂದೇ ಚೀಟಿ ಅಂಟಿಸಿರ್ತಾರ.

ಹಂಗ ನೋಡಿದ್ರ ಈ ನೆಲಕ್ಕ ಕಲಬೆರಕೆ ಭಾಷೆ ಹೊಸದಲ್ಲ. ಕೊಡೇಕಲ್ ಬಸವಣ್ಣನ ಪರಂಪರೆಯವರು ಕಾಲಜ್ಞಾನ ಬರೆಯಾಕ ಅಮರಗನ್ನಡ ಅನ್ನೋ ಗುಪ್ತ ಲಿಪಿಯನ್ನೇ ಕಟ್ಟಿದ್ರು. ಆ ಗದ್ದುಗೆಗೆ ಹಿಂದೂ, ಮುಸ್ಲಿಂ ಇಬ್ಬರೂ ನಡ್ಕೋತಾರ. ಇಲ್ಲೇ ತಿಂಥಣಿ ಮೌನೇಶ್ವರನ ಜಾತ್ರ್ಯಾಗ ಜನ ಹಾಕೋ ಜೈಕಾರದಾಗ ದಖನಿ ಶಬ್ದ ಅದಾವ. ಜಾತ್ರ್ಯಾಗ ಯಾರೂ ವ್ಯಾಕರಣ ತಿದ್ದೋದಿಲ್ಲ.

ತಿದ್ದೋದು, ತಡೆಯೋದು ಶುರು ಆಗೋದು ಕಾಗದ ಬಂದ ಕಡೆ. ನಿಜಾಮನ ಕಾಲಕ್ಕ ಕಾಗದ ಉರ್ದುವಿನಾಗ ಇತ್ತು. 1948ರ ಸೆಪ್ಟೆಂಬರ್ 17ರ ತನಕ ನಮ್ಮ ಅಜ್ಜಂದಿರು ತಮ್ಮ ಹೆಸರಿನ ಕಾಗದ ಓದಿಸ್ಕೊಳ್ಳಾಕ ಇನ್ನೊಬ್ಬರ ಮನಿ ಕಟ್ಟಿ ಕೆಳಗ ನಿಲ್ಲಬೇಕಿತ್ತು. ಆಮ್ಯಾಲೆ ಕಾಗದ ಕನ್ನಡಕ್ಕ ಬಂತು, ಆದ್ರ ಅದು "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ" ಅನ್ನೋ ಕನ್ನಡ. ಈಗ ಕೆಲಸದ ಕಾಗದ, ಕೋರ್ಟಿನ ಕಾಗದ ಇಂಗ್ಲಿಷ್. ಮೂರು ತಲೆಮಾರು, ಮೂರು ಭಾಷೆ. ಕಾಗದ ಓದಿಸ್ಕೊಳ್ಳಾಕ ಇವತ್ತಿಗೂ ನಮ್ಮ ಜನ ಯಾರದೋ ಬಾಗಿಲಿಗೆ ಹೋಗ್ತಾರ.

ಅದಕ್ಕೇ ಬಾಬಾಸಾಹೇಬರು ಎರಡೂ ಕೈಯಾಗ ಭಾಷೆ ಹಿಡಿದಿದ್ರು. 1920ರಲ್ಲಿ "ಮೂಕನಾಯಕ", 1927ರಲ್ಲಿ "ಬಹಿಷ್ಕೃತ ಭಾರತ" ತಂದದ್ದು ಮರಾಠಿಯಲ್ಲಿ, ತಮ್ಮ ಜನಕ್ಕಾಗಿ. 1936ರ "ಜಾತಿ ವಿನಾಶ" ಬರೆದದ್ದು ಇಂಗ್ಲಿಷ್‌ನಲ್ಲಿ. ಹೈಸ್ಕೂಲಿನಲ್ಲಿ ಅವರಿಗೆ ಸಂಸ್ಕೃತ ಓದೋ ಆಸೆ ಇತ್ತು. ಅಸ್ಪೃಶ್ಯ ಅಂತ ಕಲಿಸಲಿಲ್ಲ, ಪರ್ಶಿಯನ್ ತಗೋಬೇಕಾಯ್ತು. ಭಾಷಾ ಬೋಧನೆಯ ಚರಿತ್ರೆ ಬರೆಯೋರು ಯಾವ ವಿಧಾನದಲ್ಲಿ ಕಲಿಸಿದ್ರು ಅಂತಷ್ಟೇ ಬರೀತಾರ. ಯಾರಿಗೆ ಕಲಿಸಲಿಲ್ಲ ಅನ್ನೋದೂ ಆ ಚರಿತ್ರೆಯ ಒಂದು ಅಧ್ಯಾಯ ಆಗಬೇಕು.

ಕರ್ನಾಟಕದಾಗ ಈ ಮಾತು ಸಿಡಿಲಿನಂಗ ಬಿದ್ದದ್ದು 1973ರ ನವೆಂಬರ್‌ನಲ್ಲಿ. ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಾಗ ಬೂಸಾ ಬಹಳ ಐತಿ, ಇಂಗ್ಲಿಷ್ ಕಲೀರಿ ಅಂದ್ರು. ಹಾಸ್ಟೆಲ್‌ಗಳಲ್ಲಿ ನಮ್ಮ ಹುಡುಗರ ಮೇಲೆ ಹಲ್ಲೆ ಆಯ್ತು, ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯ್ತು. ದಲಿತ ಸಂಘರ್ಷ ಸಮಿತಿ ಹುಟ್ಟೋದಕ್ಕೂ ಆ ಬೆಂಕಿಯೇ ಕಾವು ಕೊಟ್ಟಿತು. ಇನ್ನೊಂದು ಕಡೆ ದೇವನೂರ ಮಹಾದೇವ. "ಕುಸುಮಬಾಲೆ"ಯಲ್ಲಿ ನಂಜನಗೂಡು ಕಡೆಯ ಕೇರಿಯ ಕನ್ನಡವನ್ನೇ ಸಾಹಿತ್ಯದ ಭಾಷೆ ಮಾಡಿದೋರು. ಕನ್ನಡ ಇನ್ನೂ ಶಿಕ್ಷಣ ಮಾಧ್ಯಮ ಆಗಿಲ್ಲ ಅಂತ 2010ರಲ್ಲಿ ನೃಪತುಂಗ ಪ್ರಶಸ್ತಿ ಬ್ಯಾಡ ಅಂದೋರು. ಇಬ್ಬರೂ ನಮ್ಮವರೇ. ಒಬ್ಬರ ಮಾತು ಹಿಡಿದು ಇನ್ನೊಬ್ಬರನ್ನ ಹೊಡಿಯೋದು ನಮ್ಮ ಗುಂಪುಗಳಲ್ಲೇ ನಡೀತದ, ನನಗದು ಸರಿ ಕಾಣೋದಿಲ್ಲ. ಬಸವಲಿಂಗಪ್ಪನವರು ಬಾಗಿಲು ಕೇಳಿದ್ರು, ಮಹಾದೇವ ಮನಿ ಕೇಳಿದ್ರು. ನಮ್ಮ ಮಗುವಿಗೆ ಎರಡೂ ಬೇಕು.

2014ರ ಮೇ 6ರಂದು ಸುಪ್ರೀಂ ಕೋರ್ಟು, ತಾಯ್ನುಡಿ ಮಾಧ್ಯಮವನ್ನ ಸರಕಾರ ಹೇರುವಂಗಿಲ್ಲ ಅಂತು. ತಾಯ್ನುಡಿ ಯಾವುದು ಅಂತ ಹೇಳೋರೂ ತಂದೆತಾಯಿಗಳೇ ಅಂತು. 2019ರಲ್ಲಿ ಸರಕಾರ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು, ಸಾಹಿತಿಗಳು ವಿರೋಧ ಮಾಡಿದ್ರು. ತಮ್ಮ ಮಕ್ಕಳನ್ನ ಕಾನ್ವೆಂಟಿಗೆ ಕಳಿಸಿ ನಮ್ಮ ಮಕ್ಕಳಿಗೆ ಕನ್ನಡ ಉಳಿಸು ಅನ್ನೋರ ಮಾತು ನನಗ ಅವತ್ತೂ ರುಚಿಸಲಿಲ್ಲ, ಇವತ್ತೂ ಇಲ್ಲ. ಆದ್ರ ಬೋರ್ಡ್ ಬದಲಿಸಿದ ಕೂಡಲೇ ಇಂಗ್ಲಿಷ್ ಬರೋದಿಲ್ಲ ಅನ್ನೋದನ್ನ ನಾವೂ ಒಪ್ಪಬೇಕು. 2007ರಿಂದ ಸರಕಾರಿ ಶಾಲೆಯಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯ. ಹತ್ತು ವರ್ಷ ಓದಿದ ಹುಡುಗನಿಗೆ ಬಸ್ಸಿನ ಬಗ್ಗೆ ನಾಲ್ಕು ವಾಕ್ಯ ಆಡ್ಲಿಕ್ಕೆ ಬರೋದಿಲ್ಲ. ಪಾಠವನ್ನ ಸಾಲು ಸಾಲಾಗಿ ಕನ್ನಡದಾಗ ಹೇಳ್ತಾರ, ಉತ್ತರ ಬೋರ್ಡಿನ ಮ್ಯಾಲೆ ಬರೀತಾರ, ಮಕ್ಕಳು ಇಳಿಸ್ಕೋತಾರ. ಇಂಗ್ಲಿಷ್ ಅಂದ್ರ ಅವರಿಗೆ ಚಿತ್ರ ಬಿಡಿಸೋ ಒಂದು ಬಗಿ.

ಅದೇ ಹುಡುಗ ಅಪ್ಪ ಅವ್ವನ ಜೋಡಿ ಗುಳೆ ಹೋಗಿ, ಪುಣೆಯಾಗೋ ಹೈದರಾಬಾದಿನಾಗೋ ಕಟ್ಟಡದ ಕೆಲಸದ ಕಡೆ ಆರು ತಿಂಗಳು ಇದ್ದು ಬಂದ್ರ, ಹಿಂದಿಯೋ ತೆಲುಗೋ ಪಟಪಟ ಮಾತಾಡ್ತಾನ. ಅಂಗಡ್ಯಾಗ ಚೌಕಾಸಿ ಮಾಡ್ತಾನ, ಮೇಸ್ತ್ರಿ ಬೈದ್ರ ತಿರುಗಿ ಅಂತಾನ. ಪುಸ್ತಕ ಇಲ್ಲ, ಪರೀಕ್ಷೆ ಇಲ್ಲ. ಅಮೆರಿಕದ ಸ್ಟೀಫನ್ ಕ್ರಾಶನ್ ಅನ್ನೋ ವಿದ್ವಾಂಸರು ಹೇಳಿದ್ದೂ ಇದನ್ನೇ: ಅರ್ಥ ಆಗೋ ಮಾತು ಕಿವಿಗೆ ಬೀಳಬೇಕು, ಮನಸ್ಸಿನಾಗ ಅಂಜಿಕೆ ಇರಬಾರದು, ಭಾಷೆ ತಾನೇ ಬರ್ತದ. ಗುಳೆ ಹೋಗೋದನ್ನ ನಾನು ಹೊಗಳಾಕತ್ತಿಲ್ಲ, ಆ ಮಕ್ಕಳ ಓದು ಅಲ್ಲೇ ಮಣ್ಣು ಕೂಡ್ತದ. ಹೇಳೋದು ಇಷ್ಟೇ: ಈ ಮಕ್ಕಳು ದಡ್ಡರು ಅನ್ನೋ ಮಾತು ಇನ್ನೊಮ್ಮೆ ಯಾರೂ ಎತ್ತಬಾರದು.

ನನಗೆ ಹೆಚ್ಚು ಸಂಕಟ ಆಗೋದು ವಸತಿ ಶಾಲೆಗಳ ವಿಷಯದಾಗ. ಮೊರಾರ್ಜಿ, ಅಂಬೇಡ್ಕರ್ ಹೆಸರಿನ ವಸತಿ ಶಾಲೆಗಳಿಗೆ ಪರೀಕ್ಷೆ ಬರೆದು 6ನೇ ತರಗತಿಗೆ ಹೋಗೋರು ನಮ್ಮ ಕೇರಿಯ ಚುರುಕು ಮಕ್ಕಳು. ಐದನೇ ತನಕ ಕನ್ನಡ ಮಾಧ್ಯಮ. ಜೂನ್ ಬಂದ ಕೂಡಲೇ ಅಲ್ಲಿ ಬಹುತೇಕ ಕಡೆ ವಿಜ್ಞಾನ, ಗಣಿತ, ಸಮಾಜ ಎಲ್ಲಾ ಇಂಗ್ಲಿಷ್. ನಡುವ ಸೇತುವೆ ಇಲ್ಲ. ಈಜು ಬರ್ದೋರನ್ನ ನಡು ಹೊಳ್ಯಾಗ ಇಳಿಸಿದಂಗ. ನಮ್ಮ ಊರಿನ ಒಬ್ಬ ಹುಡುಗಿ ಮೊದಲ ವರ್ಷ ದಸರಾ ಸೂಟಿಗೆ ಬಂದಾಗ "ಕಾಕಾ, ನನಗ ಗಣಿತ ಬರ್ತದ, ಲೆಕ್ಕ ಏನ್ ಕೇಳ್ಯಾರ ಅನ್ನೋದ ತಿಳಿಯಂಗಿಲ್ಲ" ಅಂದಳು. ಆ ಹುಡುಗಿ ಮುಂದಿನ ವರ್ಷ ವಾಪಸ್ ಹೋಗಲಿಲ್ಲ. ಅವ್ವನ ಜೋಡಿ ಹತ್ತಿ ಬಿಡಿಸಾಕ ಹೋಗ್ತಾಳ.

ಆ ಆರನೇ ತರಗತಿಗೆ ಮೊದಲ ಮೂರು ತಿಂಗಳು ಎರಡೂ ಭಾಷೆಯಲ್ಲಿ ಪಾಠ ಮಾಡಿ, ಪ್ರಶ್ನೆಪತ್ರಿಕೆಯಲ್ಲಿ ಎರಡೂ ಭಾಷೆ ಅಚ್ಚು ಹಾಕಿಸಾಕ ಕೋಟಿ ರೂಪಾಯಿ ಬೇಕಾಗಿಲ್ಲ. ಒಂದನೇ, ಎರಡನೇ ತರಗತಿಯಲ್ಲಿ ಮಗು "ಹೊಂಟೀನಿ" ಅಂದ್ರ ಹೊಂಟೀನಿ ಅಂತಲೇ ಬರೆಯಾಕ ಬಿಡ್ರಿ, ಪುಸ್ತಕದ ರೂಪ ಆಮ್ಯಾಲೆ ಪಕ್ಕದಾಗ ತೋರಿಸ್ರಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೇಷ್ಟ್ರುಗಳೇ ಕೂಡಿ ನಲಿ-ಕಲಿ ಕಟ್ಟಿದ್ರು, ಆಮೇಲೆ ಇಡೀ ರಾಜ್ಯಕ್ಕ ಹಬ್ಬಿತು. ಹಂಗೇ ಕಲ್ಯಾಣ ಕರ್ನಾಟಕದ ಮಾತಿನಾಗ ಕಾರ್ಡು ಬರೆಯಾಕ ನಮ್ಮ ಮೇಷ್ಟ್ರುಗಳಿಗೂ ಬರ್ತದ. 371ಜೆ ಬಂದು ಹತ್ತು ವರ್ಷ ದಾಟ್ಯಾವ, ಆ ಹಣದಾಗ ಕಟ್ಟಡ, ಕಂಪೌಂಡು ಸಾಕಷ್ಟು ಆದ್ವು. ಶಿಕ್ಷಕರ ಹುದ್ದೆ ತುಂಬ್ರಿ. ಇಂಗ್ಲಿಷ್ ಕಲಿಸೋರಿಗೆ ಮೊದಲು ಇಂಗ್ಲಿಷ್ ಮಾತಾಡೋ ಅವಕಾಶ ಕೊಡ್ರಿ. ಗುಳೆ ಹೋಗೋರ ಮಕ್ಕಳು ಊರಾಗೇ ಉಳಿಯೋಹಂಗ ಸುಗ್ಗಿ ಮುಗಿಯೋ ಹೊತ್ತಿಗೆ ಹಾಸ್ಟೆಲ್ ತೆರೀರಿ.

ಸಮ್ಮೇಳನ ಮಾಡೋ ಪ್ರಾಧ್ಯಾಪಕರಲ್ಲಿ ನನ್ನ ಗೆಳೆಯರೂ ಅದಾರ, ಈ ಪೋಸ್ಟ್ ಓದ್ತಾರ. ಸರ್, ಮೇಡಂ, ನಿಮ್ಮ ಮುಂದಿನ ಸಮ್ಮೇಳನದ ಒಂದು ದಿನವನ್ನ ಯಾದಗಿರಿ ಜಿಲ್ಲೆಯ ಯಾವುದಾದ್ರೂ ಸರಕಾರಿ ಶಾಲೆಯಲ್ಲಿ ಇಡ್ರಿ. ಅವತ್ತು ನೋಂದಣಿ ಶುಲ್ಕ ಬ್ಯಾಡ, ಚರ್ಚೆ ಕನ್ನಡದಾಗ ಇರಲಿ. ಪ್ರಬಂಧ ಓದೋ ಮೊದಲು ಎರಡು ತಾಸು ಒಂದನೇ ತರಗತಿ ಮಕ್ಕಳ ಹಿಂದ ಕುಂತು ಬರೇ ಕೇಳ್ರಿ. ದಿನಾಂಕ ಮಾತ್ರ ದೀಪಾವಳಿ ಒಳಗೇ ಹಾಕ್ರಿ. ಆಮ್ಯಾಲೆ ಬಂದ್ರ ಹಿಂದಿನ ಸಾಲು ಖಾಲಿ ಇರ್ತಾವ, ಹಾಜರಿ ಪುಸ್ತಕದಾಗ ಮಾತ್ರ ಎಲ್ಲಾರೂ ಇರ್ತಾರ.