ಬಾಯಿಪಾಠವೋ, ವಿವೇಕವೋ?

ತಂತ್ರಾಂಶ ರಚನೆಯ ಸಂದರ್ಶನಕ್ಕಾಗಿ ನಮ್ಮ ಕೆಲವು ಮಿತ್ರರು ಮೈಕ್ರೋಸರ್ವೀಸುಗಳ ಲಕ್ಷಣಗಳನ್ನು ಉರುಹೊಡೆಯುತ್ತಿದ್ದಾರೆ. ಇದು ಸಾಲದೆಂಬುದು ನನ್ನ ಅಭಿಪ್ರಾಯ.

2008ರಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆಯ ದತ್ತಕೋಶ ಕೆಟ್ಟು, ಮೂರು ದಿನ ಡಿವಿಡಿಗಳ ರವಾನೆಯೇ ನಿಂತಿತು. ಬಳಿಕ ಅದು ತನ್ನ ಒಂದೇ ದೊಡ್ಡ ತಂತ್ರಾಂಶವನ್ನು ನೂರಾರು ಸಣ್ಣ ಸೇವೆಗಳಾಗಿ ಒಡೆಯಿತು. ಆ ಕಾರ್ಯ 2016ರವರೆಗೂ ನಡೆಯಿತು. ಒಂದು ಕೆಟ್ಟರೂ ಉಳಿದವು ನಡೆಯಬಲ್ಲವೆಂಬುದು ಇದರ ಲಾಭ. ಆದರೆ ಮನೆಯೊಳಗಿನ ಮಾತು ಆಗ ಪರವೂರಿಗೆ ಬರೆದ ಕಾಗದವಾಗುತ್ತದೆ. ತಡವಾಗಬಹುದು, ತಲಪದೆಯೂ ಹೋಗಬಹುದು. ಹಣ ಸಂದು ಸರಕು ಸಲ್ಲದಿದ್ದರೆ ಗತಿಯೇನು? ಆದುದರಿಂದಲೇ ಮಾರ್ಟಿನ್ ಫೌಲರ್ 2015ರಲ್ಲಿ, ಮೊದಲು ಒಂದಾಗಿಯೇ ಕಟ್ಟುವುದು ಲೇಸೆಂದು ವಾದಿಸಿದರು.

ಮನೆತನಕ್ಕೇ ಮೊದಲ ಪದವೀಧರರಾಗಲಿರುವ ನಮ್ಮಂಥವರಿಗೆ ದಾರಿ ತೋರುವ ಹಿರಿಯರಿಲ್ಲ. ಗೈಡುಗಳೇ ಗತಿಯೆನಿಸುವುದು ಸಹಜ. ಆದರೆ 'ಹೇಗೆ ಒಡೆಯುವಿರಿ?' ಎಂದವರಿಗೆ 'ಏಕೆ ಒಡೆಯಬೇಕು?' ಎನ್ನುವ ವಿವೇಕವನ್ನು ಯಾವ ಗೈಡೂ ಕೊಡದು.