ಸೂಕ್ಷ್ಮಾಣುವಿನ ಎಲೆಗೆ ಏನು ಬಡಿಸೋಣ?



ರಾಸಾಯನಿಕ ಉದ್ಯಮದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬ ಈಚೆಗೆ ಹೀಗೆ ಬರೆದಿದ್ದಾನೆ: "ಮೇಷ್ಟ್ರೇ, ಇನ್ನು ದ್ರಾವಕ, ಪ್ಲಾಸ್ಟಿಕ್ಕುಗಳಿಗೆ ಪೆಟ್ರೋಲಿಯಂ ಬೇಕಿಲ್ಲ. ಬೆಳೆಯನ್ನು ಸೂಕ್ಷ್ಮಾಣುಗಳಿಗೆ ಕೊಟ್ಟರೆ ಅವೇ ಮಾಡಿಕೊಡುತ್ತವೆ. ಬೆಳೆ ಪ್ರತಿವರ್ಷವೂ ಬರುತ್ತದೆ. ಹಾಗಾಗಿ ಇದು ಮುಗಿಯದ ಸಂಪತ್ತು." ಅವನ ಉತ್ಸಾಹ ಕಂಡು ಸಂತೋಷವಾಯಿತು. ಆದರೆ ಕೊನೆಯ ಮಾತನ್ನು ಒಪ್ಪಲಾರೆ. ಏಕೆಂಬುದನ್ನು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ದೋಸೆಯ ಹಿಟ್ಟು ಉಬ್ಬುವುದೂ ಹಾಲು ಮೊಸರಾಗುವುದೂ ಹುದುಗುವಿಕೆಯಿಂದಲೇ. ಸೂಕ್ಷ್ಮಾಣು ಸಕ್ಕರೆಯನ್ನು ತಿಂದು ತನಗೆ ಬೇಡವಾದುದನ್ನು ಹೊರಹಾಕುತ್ತದೆ. ಅದರ ಕಸವೇ ನಮಗೆ ಸರಕು. ಮೊಸರಿಗೆ ಹುಳಿ ಕೊಡುವ ಲ್ಯಾಕ್ಟಿಕ್ ಆಮ್ಲವನ್ನೇ ಮೆಕ್ಕೆಜೋಳದ ಸಕ್ಕರೆಯಿಂದ ಪಡೆದು, ಅಮೆರಿಕದ ನೆಬ್ರಾಸ್ಕಾದಲ್ಲಿ 2002ರಿಂದ ಪ್ಲಾಸ್ಟಿಕ್ ತಯಾರಿಸುತ್ತಿದ್ದಾರೆ. ನಮ್ಮ ದೇಶದ ಕಾಶೀಪುರದಲ್ಲಿ 1989ರಿಂದಲೂ ಕಾಕಂಬಿಯ ಆಲ್ಕೋಹಾಲಿನಿಂದ ಗ್ಲೈಕಾಲ್ ತಯಾರಾಗುತ್ತಿದೆ. ವಿದ್ಯೆ ಹೊಸದಲ್ಲ, ಸುಳ್ಳೂ ಅಲ್ಲ.

ಈ ವಿದ್ಯೆಯ ಚರಿತ್ರೆಯಲ್ಲಿ ನಾವು ಮರೆಯಬಾರದ ಒಂದು ಅಧ್ಯಾಯವಿದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಕಾರ್ಡೈಟ್ ಎಂಬ ಸಿಡಿಮದ್ದನ್ನು ತಯಾರಿಸಲು ಅಸಿಟೋನ್ ಬೇಕಾಯಿತು. ಉಗುರುಬಣ್ಣ ಅಳಿಸುವ ದ್ರವವೆಂದು ಇಂದು ಮನೆಮನೆಯಲ್ಲಿ ಪರಿಚಿತವಾದುದು ಇದೇ. ಅಲ್ಲಿಯವರೆಗೆ ಅದನ್ನು ಮರವನ್ನು ಬಟ್ಟಿಯಿಳಿಸಿ ಪಡೆಯುತ್ತಿದ್ದರು. ಬಹುಪಾಲು ಹೊರದೇಶದಿಂದ ಬರಬೇಕಿತ್ತು. ಮ್ಯಾಂಚೆಸ್ಟರಿನಲ್ಲಿದ್ದ ರಸಾಯನಶಾಸ್ತ್ರಜ್ಞ ಚೈಮ್ ವೈಜ್‌ಮನ್, ಮುಂದೆ 1949ರಲ್ಲಿ ಇಸ್ರೇಲಿನ ಮೊದಲ ಅಧ್ಯಕ್ಷರಾದವರು, ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾವೊಂದು ಮೆಕ್ಕೆಜೋಳದ ಪಿಷ್ಟವನ್ನು ಅಸಿಟೋನ್ ಮತ್ತು ಬ್ಯುಟನಾಲ್ ಆಗಿ ಪರಿವರ್ತಿಸುವುದನ್ನು ತೋರಿಸಿಕೊಟ್ಟರು. ಕಾರ್ಖಾನೆಗಳು ಎದ್ದವು.

ಆದರೆ ಜರ್ಮನ್ ಜಲಾಂತರ್ಗಾಮಿಗಳು ಹಡಗುಗಳನ್ನು ಮುಳುಗಿಸತೊಡಗಿದಾಗ ದವಸವೇ ದುರ್ಲಭವಾಯಿತು. ಜನರ ಊಟದ ಕಾಳನ್ನು ಸಿಡಿಮದ್ದಿಗೆ ಸುರಿಯುವುದು ಹೇಗೆ? 1917ರ ಶರತ್ಕಾಲದಲ್ಲಿ ಶಾಲಾಮಕ್ಕಳಿಗೆ ಕರೆ ಹೋಯಿತು: ಹಾರ್ಸ್ ಚೆಸ್ಟ್‌ನಟ್ ಮರದ ಕಾಯಿಗಳನ್ನು ಆರಿಸಿ ತನ್ನಿ. ಮನುಷ್ಯರು ತಿನ್ನಲಾಗದ, ಮಕ್ಕಳು ದಾರಕ್ಕೆ ಕಟ್ಟಿ ಆಡುವ ಕಾಯಿಗಳವು. ಏತಕ್ಕೆಂದು ಮಕ್ಕಳಿಗೆ ಬಿಡಿಸಿ ಹೇಳಲಿಲ್ಲ. ಮಕ್ಕಳು ರಾಶಿ ರಾಶಿ ತಂದರು. ಸಾಗಿಸಲು ರೈಲುಗಳು ಸಾಲದೆ ಎಷ್ಟೋ ನಿಲ್ದಾಣಗಳಲ್ಲಿ ಕಾಯಿ ಕೊಳೆಯಿತು. ಕಿಂಗ್ಸ್ ಲಿನ್ ಎಂಬಲ್ಲಿದ್ದ ಕಾರ್ಖಾನೆಗೆ ತಲುಪಿದ್ದು ಸುಮಾರು 3,000 ಟನ್. ಅದೂ ನಿರೀಕ್ಷಿಸಿದಷ್ಟು ಫಲ ಕೊಡದೆ, 1918ರಲ್ಲಿ ಕೆಲವೇ ತಿಂಗಳುಗಳಲ್ಲಿ ಕೆಲಸ ನಿಂತಿತು.

ನನಗೆ ಈ ಕಥೆ ಎರಡು ಮಾತು ಹೇಳುತ್ತದೆ. ಬೆಳೆ ಪ್ರತಿವರ್ಷ ಬರುವುದೇನೋ ನಿಜ. ಆದರೆ ಆ ವರ್ಷದ ಬೆಳೆಯನ್ನು ಎರಡು ಬಾಯಿಗಳು ಏಕಕಾಲಕ್ಕೆ ಉಣ್ಣಲಾರವು. ಇನ್ನು, ತಿನ್ನಲಾಗದ ವಸ್ತುವನ್ನು ಬಳಸುವುದಾದರೆ ಕಷ್ಟವಿರುವುದು ಬ್ಯಾಕ್ಟೀರಿಯಾದಲ್ಲಿ ಮಾತ್ರವಲ್ಲ, ಊರೂರಲ್ಲಿ ಚದುರಿದ್ದನ್ನು ಒಂದೆಡೆ ಕೂಡಿಸುವುದರಲ್ಲಿ.

ನಮ್ಮಲ್ಲಿಗೆ ಬರೋಣ. ಪೆಟ್ರೋಲಿಗೆ ಶೇ. 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ಭಾರತ 2025ರಲ್ಲಿ ಮುಟ್ಟಿತು. ಆದರೆ ಸಕ್ಕರೆಯ ಅಭಾವದ ಭಯದಿಂದ 2023ರ ಡಿಸೆಂಬರಿನಲ್ಲಿ ಸರ್ಕಾರವೇ ಕಬ್ಬಿನ ರಸವನ್ನು ಎಥೆನಾಲಿಗೆ ಹರಿಸುವುದನ್ನು ತಡೆದು, ಆ ನಿರ್ಬಂಧವನ್ನು ಮರುವರ್ಷವಷ್ಟೇ ತೆಗೆಯಿತು. ಡಿಸ್ಟಿಲರಿಗಳು ಮೆಕ್ಕೆಜೋಳದತ್ತ ತಿರುಗಿದವು; ಬಹುಕಾಲ ಅದನ್ನು ರಫ್ತು ಮಾಡುತ್ತಿದ್ದ ದೇಶ 2024ರಲ್ಲಿ ಆಮದಿಗೆ ಕೈಚಾಚಿತು. ಕೋಳಿಗಳ ಮೇವೂ ಅದೇ ಕಾಳು ಎಂಬುದನ್ನು ನೆನೆಯಿರಿ.

ಹಾವೇರಿ, ದಾವಣಗೆರೆ ಕಡೆಯ ನಮ್ಮ ಬಂಧುಗಳು ಇಲ್ಲಿ ನನ್ನನ್ನು ತಡೆದು ಕೇಳಬಹುದು: "ಡಿಸ್ಟಿಲರಿಯವರು ಕೊಳ್ಳದಿದ್ದರೆ ನಮ್ಮ ಜೋಳವನ್ನು ಕೇಳುವವರು ಯಾರು?" ನ್ಯಾಯವಾದ ಪ್ರಶ್ನೆ. 2025ರ ನವೆಂಬರಿನಲ್ಲಿ ಮೆಕ್ಕೆಜೋಳದ ಧಾರಣೆ, ಕ್ವಿಂಟಾಲಿಗೆ 2,400 ರೂಪಾಯಿಯ ಬೆಂಬಲ ಬೆಲೆಗಿಂತ ಬಹಳ ಕೆಳಗಿಳಿದು ರೈತರು ಬೀದಿಗಿಳಿದರು. ಹೆಚ್ಚುವರಿ ಬೆಳೆ ಬಂದ ವರ್ಷ ಕಾರ್ಖಾನೆ ಕೊಳ್ಳಲಿ. ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ಕಾಳಿನ ಹೊರತು ಬೇರೇನನ್ನೂ ಅರಗಿಸಲಾರದ ಕಾರ್ಖಾನೆಯನ್ನು ಕಟ್ಟಿಬಿಟ್ಟರೆ, ಮಳೆ ಕೈಕೊಟ್ಟ ವರ್ಷವೂ ಅದರ ಹಸಿವು ತಗ್ಗುವುದಿಲ್ಲ. ಸಾಲದ ಕಂತಂತೂ ಮಳೆಯನ್ನು ಕೇಳಿ ಬರುವುದಿಲ್ಲ.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು: ಮೊದಲು, ಈಗಾಗಲೇ ಒಂದೆಡೆ ಕೂಡಿಬಿದ್ದಿರುವ ಶೇಷವನ್ನು ಬಳಸೋಣ. ಸಕ್ಕರೆ ತೆಗೆದುಳಿದ ಕಾಕಂಬಿ ಕಾರ್ಖಾನೆಯ ಅಂಗಳದಲ್ಲೇ ಇದೆ. ಅದಕ್ಕಾಗಿಯೇ ಕಬ್ಬಿನ ಗದ್ದೆಗಳನ್ನು ಹಿಗ್ಗಿಸದಿದ್ದರೆ ಸಾಕು. ಚೀನಾದ ಉಕ್ಕಿನ ಕಾರ್ಖಾನೆಯೊಂದರಲ್ಲಿ 2018ರಿಂದ ಕುಲುಮೆಯ ಅನಿಲವನ್ನೇ ಎಥೆನಾಲ್ ಆಗಿ ಮಾಡುತ್ತಿರುವುದೂ ಒಂದು ಕ್ಲಾಸ್ಟ್ರಿಡಿಯಂ, ವೈಜ್‌ಮನ್ನರ ಬ್ಯಾಕ್ಟೀರಿಯಾದ ದಾಯಾದಿ. ಆಮೇಲೆ ಹೊಲದ ಹುಲ್ಲು, ದಂಟು. ಪಾಣಿಪತ್ತಿನಲ್ಲಿ 2022ರಲ್ಲಿ ಉದ್ಘಾಟನೆಯಾದ ಸ್ಥಾವರ ಭತ್ತದ ಹುಲ್ಲನ್ನು ನೆಚ್ಚಿದೆ. ಇಂಥಲ್ಲಿ ಹುಲ್ಲು ಕಟ್ಟಿ ತರುವ ರೈತನಿಗೆ ನ್ಯಾಯವಾದ ಬೆಲೆ ಸಿಗುವುದು, ಪ್ರಯೋಗಾಲಯದ ಸಂಶೋಧನೆಯಷ್ಟೇ ಮುಖ್ಯ.

ಸೂಕ್ಷ್ಮಾಣುವಿಗೆ ಕಾಳೂ ಒಂದೇ, ಕಸವೂ ಒಂದೇ ಆಗುವಂತೆ ಮಾಡುವುದು ವಿಜ್ಞಾನಿಯ ಕೆಲಸ. ಎರಡರ ನಡುವಿನ ಭೇದವನ್ನು ಮರೆಯದಿರುವುದು ನಮ್ಮ ಕೆಲಸ. ಶಿಷ್ಯನಿಗೆ ಹೀಗೆಯೇ ಉತ್ತರಿಸಿದ್ದೇನೆ. ಭಿನ್ನಾಭಿಪ್ರಾಯವಿದ್ದವರು ಸಂಕೋಚವಿಲ್ಲದೆ ಬರೆಯಿರಿ.