ಮಾಡದ ಪ್ರಯೋಗಕ್ಕೆ ಹತ್ತಕ್ಕೆ ಹತ್ತು!

ಮೊನ್ನೆ ಗುಂಡ್ಲುಪೇಟೆಗೆ ಹೋದಾಗ ಅಟ್ಟದ ಮೇಲೆ ನನ್ನ ಬಿಎಸ್ಸಿ ಫಿಸಿಕ್ಸ್ ರೆಕಾರ್ಡ್ ಸಿಕ್ಕಿತು. ಮುತ್ತಿನಂಥ ಅಕ್ಷರ, ಪುಟಪುಟಕ್ಕೂ ಮೇಷ್ಟ್ರ ಕೆಂಪು ರುಜು. "ಎಷ್ಟು ಚೆನ್ನಾಗ್ ಬರೀತಿದ್ದೆ ಮಗ" ಅಂದರು ಅಮ್ಮ. ನನಗೆ ನಾಚಿಕೆಯಾಯಿತು. ಅದರಲ್ಲಿ ಅರ್ಧಕ್ಕರ್ಧ ಸುಳ್ಳು...

ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ದಿನಾ ಬಸ್ಸಲ್ಲಿ ನಿಂತೇ ಹೋಗಿ ಓದಿದವನು ನಾನು. ಕಾಲೇಜಿನ ಹೆಸರು ಬೇಡ. ಇಡೀ ಬ್ಯಾಚಿಗೆ ನಡೆಯುವ ಸ್ಟಾಪ್‌ವಾಚ್ ಒಂದೇ. ಸರಳ ಲೋಲಕದ ಪ್ರಯೋಗಕ್ಕೆ ನಮ್ಮ ಸರದಿ ಬರುವಷ್ಟರಲ್ಲಿ ಬಸ್ಸಿನ ಹೊತ್ತಾಗುತ್ತಿತ್ತು. ಸೀನಿಯರ್‌ಗಳು ಉಪಾಯ ಹೇಳಿಕೊಟ್ಟರು: 'ಜಿ' ಬೆಲೆ 9.8 ಅಂತ ಗೊತ್ತಲ್ಲ, ಹಿಂದಿನಿಂದ ಲೆಕ್ಕ ಹಾಕು. ಒಂದು ಮೀಟರ್ ಉದ್ದಕ್ಕೆ 20 ಆಂದೋಲನ ಅಂದರೆ 40.1 ಸೆಕೆಂಡ್. ಅನುಮಾನ ಬಾರದ ಹಾಗೆ ಒಂದು ಕಡೆ 40.3, ಇನ್ನೊಂದು ಕಡೆ 39.9 ಬರಿ. ಬರೆದೆ. ಹತ್ತಕ್ಕೆ ಹತ್ತು!

ನಿಜವಾಗಿ ಲೋಲಕ ತೂಗಿಬಿಟ್ಟು ಎಣಿಸಿದ ಗೆಳತಿಗೆ ಉತ್ತರ 10.9 ಬಂತು. ಅವಳಿಗೆ ಸಿಕ್ಕಿದ್ದು ಆರು ಅಂಕ, ಜೊತೆಗೆ ಬೈಗುಳ. ಅವಳು ಮಾಡಿದ್ದಿಷ್ಟೇ, ಸೊನ್ನೆಯಿಂದ ಎಣಿಸುವ ಬದಲು ಒಂದರಿಂದ ಎಣಿಸಿದ್ದಳು. 19 ಆಂದೋಲನವನ್ನು 20 ಅಂದುಕೊಂಡಿದ್ದಳು. ಆ ತಪ್ಪನ್ನು ಹುಡುಕುವುದೇ ಸ್ವಾಮಿ ವಿಜ್ಞಾನ! ಇಡೀ ಕ್ಲಾಸಿನಲ್ಲಿ ವಿಜ್ಞಾನ ಮಾಡಿದವಳು ಅವಳೊಬ್ಬಳೇ.

ಸಿಬಿಝಡ್ ಗೆಳೆಯರ ಕಥೆ ಇನ್ನೂ ಚೆಂದ. ಗುಂಡ್ಲುಪೇಟೆ ಸುತ್ತ ಚೆಂಡುಹೂವಿನ ಹೊಲಗಳು. ಒಂದು ಚೆಂಡುಹೂ ಅಂದರೆ ಒಂದು ಹೂವಲ್ಲ, ಪುಟ್ಟಪುಟ್ಟ ಹೂಗಳ ಗುಂಪು. ಕಿತ್ತು ಬಿಡಿಸಿದರೆ ಕಣ್ಣಿಗೇ ಕಾಣುತ್ತೆ. ಇವರು ಅದೇ ಹೊಲದ ಪಕ್ಕ ಬಸ್ಸಲ್ಲಿ ಬಂದು, ಗೈಡ್ ನೋಡಿ ಚಿತ್ರ ಬರೆದರು. ಬಿ.ಜಿ.ಎಲ್. ಸ್ವಾಮಿ ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಅನುಭವದಿಂದ 'ಹಸುರು ಹೊನ್ನು' ಹುಟ್ಟಿತು, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಬಂಡೀಪುರದ ಬಾಗಿಲಲ್ಲೇ ಇರುವ ನಮಗೆ ಒಂದು ದಿನದ ಕಾಡೂ ಸಿಗಲಿಲ್ಲ.

ಕೇಳಿದರೆ ಒಂದೇ ಉತ್ತರ, "ಹಿಂದುಳಿದ ಜಿಲ್ಲೆ, ದುಡ್ಡಿಲ್ಲ." 1997ರಲ್ಲಿ ಜಿಲ್ಲೆಯಾಯಿತು. 2023ರಲ್ಲಿ ಚಾಮರಾಜನಗರಕ್ಕೆ ಸ್ವಂತ ವಿಶ್ವವಿದ್ಯಾಲಯವೂ ಬಂತು. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಮುಚ್ಚಲು ಹೇಳಿದ ಒಂಬತ್ತು ವಿ.ವಿ.ಗಳಲ್ಲಿ ಅದೂ ಒಂದು. ಮುಚ್ಚಬಾರದು ಅಂತಲೇ ನಾನೂ ಹೇಳುತ್ತೇನೆ. ಬಸ್ ಪಾಸ್ ನಂಬಿ ಓದುವ ಹುಡುಗಿಗೆ ಮೈಸೂರು ಬಲು ದೂರ. ಆದರೆ ಬೋರ್ಡ್ ಉಳಿಸಲು ಕೂಗುವ ನಾವು ಲ್ಯಾಬಿಗೋಸ್ಕರ ಯಾವತ್ತು ಕೂಗಿದ್ದೇವೆ?

ಲೋಲಕಕ್ಕೆ ಬೇಕಿರುವುದು ಒಂದು ದಾರ, ಒಂದು ಕಲ್ಲು. ಗಡಿಯಾರ ಈಗ ಎಲ್ಲರ ಮೊಬೈಲಲ್ಲೂ ಇದೆ. ದುಡ್ಡಿಲ್ಲ ಅನ್ನುವ ಮಾತು ಇಲ್ಲಿ ನಡೆಯಲ್ಲ. ಇಲ್ಲದಿರುವುದು 10.9 ಬಂದಾಗ "ಯಾಕೆ ಬಂತು, ಬಾ ನೋಡೋಣ" ಅನ್ನುವ ತಾಳ್ಮೆ. ಅಂಕವನ್ನು ಉತ್ತರಕ್ಕೆ ಕೊಡಬೇಡಿ, ಮಾಡಿದ್ದಕ್ಕೆ ಕೊಡಿ. ಇಲ್ಲದಿದ್ದರೆ ವಿಜ್ಞಾನದ ಹೆಸರಲ್ಲಿ ನಾವು ಮೂರು ವರ್ಷ ಕಲಿಸುವುದು ಅಂದವಾಗಿ ಸುಳ್ಳು ಬರೆಯುವುದನ್ನು ಮಾತ್ರ.

ನಿಮ್ಮ ರೆಕಾರ್ಡಿನಲ್ಲಿ ಎಷ್ಟು ನಿಜ ಇತ್ತು? ಎದೆ ಮುಟ್ಟಿಕೊಂಡು ಹೇಳಿ...